ಡಾಕ್ಟರ್ ಸೆನೀಸಾನನ್ನು ಬೈದ ಭಾನುವಾರಗಳು

ಅಕ್ಟೋಬರ್ 6, ಸೋಮವಾರ

ಯಾರದು ಓದುತ್ತಿರೋದು? ಮುಚ್ಚು. ನೊಹೆಮಿ, ನೀನೇ ಆಗಿದ್ದರೆ ಇನ್ನೂ ಬೇಗ ಮುಚ್ಚು. ಅಜ್ಜಿಯ ಪುಸ್ತಕಕ್ಕೆ ಕೈ ಹಾಕುವ ಮೊಮ್ಮಗಳಿಗೆ ಮದುವೆಯ ದಿನ ಮೂಗಿನ ತುದಿಯಲ್ಲಿ ಗುಳ್ಳೆ ಏಳುತ್ತದೆ, ಏಳದಿದ್ದರೆ ನಾನೇ ಏಳಿಸುತ್ತೇನೆ. ಕಳ್ಳನಾಗಿದ್ದರೆ ಅಡುಗೆಮನೆಗೆ ಹೋಗಪ್ಪ, ಅಲ್ಲಿ ತಾಮ್ರದ ಕೊಪ್ಪರಿಗೆ ಇದೆ. ಇಲ್ಲಿರೋದು ಮುದುಕಿಯ ಕೋಳಿಕಾಲು ಅಕ್ಷರ ಮಾತ್ರ. ಹಳ್ಳಿ ಶಾಲೆಯಲ್ಲಿ ಮೂರು ವರ್ಷ ಕಲಿತದ್ದು, ಅದರಲ್ಲಿ ಒಂದು ವರ್ಷ ಮೇಷ್ಟರಿಗೆ ಕಾಯಿಲೆ.

ನಾನು ಬರೆಯುವವಳಲ್ಲ, ಹೇಳುವವಳು. ಇವತ್ತು ಹೇಳೋದಕ್ಕೆ ಜನ ಸಿಗಲಿಲ್ಲ, ಅದಕ್ಕೆ ಈ ಪುಸ್ತಕ.

ಭಾನುವಾರ ಸಾಯಂಕಾಲ ಐದಕ್ಕೆ ಸಾನ್ ರೋಕೆ ಅಖಾಡದಲ್ಲಿ ಕುಸ್ತಿ. ಸೋಮವಾರ ಬೆಳಿಗ್ಗೆ ದೊನ್ ಫಿಲೆಮೋನರ ಶೂ ರಿಪೇರಿ ಅಂಗಡಿ. ಹಿಮ್ಮಡಿ ಸವೆದಿರಲಿ ಬಿಡಲಿ, ನಾನು ಹೋಗಿ ಸ್ಟೂಲಿನ ಮೇಲೆ ಕೂತು ಹಿಂದಿನ ದಿನ ಕೂಗಿದ್ದನ್ನೆಲ್ಲ ಅವರಿಗೆ ಒಪ್ಪಿಸುತ್ತೇನೆ. ಬಾಯಿ ತುಂಬ ಮೊಳೆ ಕಚ್ಚಿಕೊಂಡಿರುವುದರಿಂದ, ಹೆಂಗಸು ಮಾತಾಡುವಾಗ ನಡುವೆ ಬಾಯಿ ಹಾಕದ ಗಂಡಸು ಇಡೀ ಅಪಿಸಾಕೊ ಊರಲ್ಲಿ ಅವರೊಬ್ಬರೇ. ಇವತ್ತು ಹೋದರೆ ಬಾಗಿಲಿಗೆ ಬೀಗ. ಅದೂ ನಾನು ನಿನ್ನೆ ಅಷ್ಟು ಚೆನ್ನಾಗಿ ಬೈದು ಬಂದಿರುವಾಗಲೇ!

ಏನಾಯಿತು ಅಂದರೆ, ಡಾಕ್ಟರ್ ಸೆನೀಸಾ, ಅಂದರೆ ಬೂದಿ ಡಾಕ್ಟರು, ಎಂದಿನಂತೆ ರೆಫ್ರಿ ಆ ಕಡೆ ತಿರುಗಿದಾಗ ಚಡ್ಡಿಯೊಳಗಿಂದ ಬೂದಿ ತೆಗೆದು ಎದುರಾಳಿಯ ಕಣ್ಣಿಗೆ ಎರಚಿದ. ನಮ್ಮ ಕುಸ್ತಿಯಲ್ಲಿ ನೆಟ್ಟಗೆ ಆಡುವ ಒಳ್ಳೆಯವರು, ಮೋಸ ಮಾಡಿ ಬೈಸಿಕೊಳ್ಳುವ ಕೆಟ್ಟವರು ಅಂತ ಎರಡು ಪಕ್ಷ. ಎದುರಾಳಿ ಒಳ್ಳೆಯವರ ಪಕ್ಷದ ಹುಡುಗ, ಬಿಳಿ ಬಟ್ಟೆ, ತಲೆಗೂದಲಿಗೆ ಎಣ್ಣೆ. ಸೆನೀಸಾ ಮೂವತ್ತೊಂದು ವರ್ಷದಿಂದ ಕೆಟ್ಟವರ ಪಕ್ಷ. ನಾನು ಎದ್ದು ನಿಂತು ಕೂಗಿದೆ: "ಏ ಬೂದಿ! ನಿನಗಿಂತ ನಿನ್ನ ಚಡ್ಡಿಗೇ ಧೈರ್ಯ ಜಾಸ್ತಿ ಕಣೋ, ಇಷ್ಟು ವರ್ಷ ನಿನ್ನ ಒಳಗಿಟ್ಕೊಂಡೂ ಹರಿದಿಲ್ಲ!" ಮೇಲಿನ ಸಾಲಿನವರೆಲ್ಲ ಬೆಂಚು ಬಡಿದರು. ಅವನು ನನ್ನ ಕಡೆ ತಿರುಗಿ, ಬೂದು ಮುಖವಾಡದೊಳಗಿಂದ ನೋಡಿ, ಒಂದು ಬೆರಳು ಆಡಿಸಿದ. ಹಾಗೆ ಆಡಿಸಿದರೆ ಮಾತು ತಾಗಿದೆ ಅಂತ ಲೆಕ್ಕ.

ಒಮ್ಮೆ ಕೂಗಿದ ಬೈಗಳವನ್ನು ನಾನು ಇನ್ನೊಮ್ಮೆ ಕೂಗುವುದಿಲ್ಲ. ಬೇರೆಯವರು ತಂಗಳು ಬಡಿಸುತ್ತಾರೆ. ಈ ಚೆಂಚಾ ಬಡಿಸುವುದಿಲ್ಲ.

ಅಕ್ಟೋಬರ್ 7, ಮಂಗಳವಾರ

ಅಖಾಡದ ಟಿಕೆಟ್ ಕಿಂಡಿಯಲ್ಲಿ ಕೂರುವ ತಾಚೊ ಬಂದಿದ್ದ. ಟೋಪಿ ಕೈಯಲ್ಲಿತ್ತು. ಆ ಬೋಳುತಲೆಯನ್ನು ನಾನು ನೋಡಿದ್ದು ಇದೇ ಮೊದಲು.

"ದೊನ್ಯಾ ಚೆಂಚಾ, ಸೆನೀಸಾ ಹೋಗ್ಬಿಟ್ರು. ನಿನ್ನೆ ಬೆಳಗಿನ ಜಾವ. ಹೃದಯ."

"ನಾಟಕ. ಸತ್ತ ಹಾಗೆ ಬಿದ್ಕೊಂಡು, ರೆಫ್ರಿ ಬಗ್ಗಿದ ತಕ್ಷಣ ಎದ್ದು ಒದೆಯೋದು ಅವನ ಹಳೇ ಚಾಳಿ."

"ಈ ಸಲ ರೆಫ್ರಿ ಮೂರೆಣಿಸಿ ಮುಗಿಸಿಯಾಗಿದೆ ದೊನ್ಯಾ. ಇವತ್ತು ಆರು ಗಂಟೆಗೆ ಸ್ಟೇಷನ್ ಹಿಂದಿನ ಸಾವಿನ ಮನೇಲಿ ಇಟ್ಟಿರ್ತಾರೆ."

"ಯಾವ ಹೆಸರಲ್ಲಿ?"

"ಅದು ಮಾತ್ರ ಕೇಳ್ಬೇಡಿ. ಮುಖವಾಡ ಹಾಕಿದವರ ಹೆಸರು ಬಾಯಿಬಿಡಬಾರದು ಅಂತ ನಿಮಗೆ ಗೊತ್ತಿಲ್ವಾ? ಹೋಗಿ, ನೋಡಿದ್ರೆ ತಿಳಿಯುತ್ತೆ."

ತಿಳಿಯದೆ ಏನು? ಮೂವತ್ತೊಂದು ವರ್ಷ ನೋಡಿದ್ದೇನೆ. ಮುಖ ನೋಡಿಲ್ಲ, ಅಷ್ಟೇ.

ಕಪ್ಪು ಶಾಲು ಇಸ್ತ್ರಿ ಮಾಡಿದೆ. ಅವನಿಗೋಸ್ಕರ ಅಲ್ಲ, ಸುಕ್ಕಾಗಿತ್ತು.

ಅಕ್ಟೋಬರ್ 8, ಬುಧವಾರ

ಒಂದೇ ವಾರದಲ್ಲಿ ಎರಡು ಸಾವು. ದೇವರಿಗೆ ಕೆಲಸ ಹಂಚಿಕೊಂಡು ಮಾಡೋದು ಗೊತ್ತಿಲ್ಲ.

ಹೆಣ ದರ್ಶನಕ್ಕಿಡಲು ಬಾಡಿಗೆಗೆ ಸಿಗುವ ಆ ಸಾವಿನ ಮನೆಯಲ್ಲಿ ಎರಡು ಕೋಣೆ. ಮೊದಲನೆಯದಕ್ಕೆ ಇಣುಕಿದರೆ, ಅಯ್ಯೋ, ಪೆಟ್ಟಿಗೆಯೊಳಗೆ ನಮ್ಮ ದೊನ್ ಫಿಲೆಮೋನ್! ಕಂದು ಸೂಟು, ಬಾಯಲ್ಲಿ ಒಂದೂ ಮೊಳೆ ಇಲ್ಲ. ಅಂಗಡಿ ಯಾಕೆ ಮುಚ್ಚಿತ್ತು ಅಂತ ಆಗ ಗೊತ್ತಾಯಿತು. ಅವರ ಹೆಂಡತಿಯಂತೆ, ಒಬ್ದುಲಿಯಾ, ಪುಟ್ಟ ಹೆಂಗಸು, ನಾನು ನೋಡಿದ್ದು ಈಗಲೇ. ಕೈ ಹಿಡಿದು, "ನಿಮ್ಮವರು ಬಹಳ ಮರ್ಯಾದಸ್ಥರು, ಒಂದು ದಿನ ನನ್ನ ಮಾತಿಗೆ ಅಡ್ಡ ಬಂದವರಲ್ಲ" ಅಂದೆ. ಆಕೆ ನನ್ನನ್ನು ಒಂದು ಥರಾ ನೋಡಿದಳು. ಕೋಣೆಯ ತುಂಬ ದಪ್ಪ ಕುತ್ತಿಗೆಯ, ಜಜ್ಜಿಹೋದ ಕಿವಿಯ ಗಂಡಸರು ಗೋಡೆಗೆ ಒರಗಿ ಮಕ್ಕಳ ಹಾಗೆ ಮೂಗು ಒರೆಸಿಕೊಳ್ಳುತ್ತಿದ್ದರು. ಈ ಊರಿನಲ್ಲಿ ದೊಡ್ಡ ಪಾದದ ಗಿರಾಕಿಗಳೆಲ್ಲ ಇವರ ಹತ್ತಿರವೇ ಬರುತ್ತಿದ್ದರೇನೋ ಅಂದುಕೊಂಡೆ.

ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನಗೆ ಪಕ್ಕದ ಕೋಣೆಯಲ್ಲಿ ಕೆಲಸವಿತ್ತು.

ಅಲ್ಲಿ ಆಳೆತ್ತರದ ಹೂಮಾಲೆಗಳು. ಪೆಟ್ಟಿಗೆಯಲ್ಲಿ ಎತ್ತಿನಂಥ ದೇಹ, ಮೂರು ಮಡಿಕೆ ಗದ್ದ. ಇವನೇ ಅಂದುಕೊಂಡೆ. ಮುಖ ಅಂಥಾದ್ದೇನೂ ಇರಲಿಲ್ಲ, ಬೇಯಿಸಿದ ಆಲೂಗೆಡ್ಡೆ. ಮುಚ್ಚಿಕೊಂಡು ತಿರುಗಿದ್ದು ಒಳ್ಳೆಯದೇ ಆಯಿತು. ಪಕ್ಕದಲ್ಲಿ ಕೂತು ಮೆಲ್ಲಗೆ, ಯಾರಿಗೂ ಕೇಳದ ಹಾಗೆ, ಎರಡು ಗಂಟೆ ಬೈದೆ. ಸಾಯೋಕೆ ಸೋಮವಾರವೇ ಬೇಕಿತ್ತಾ, ಮುಂದಿನ ಭಾನುವಾರಕ್ಕೆ ಹೊಸ ಬೈಗಳ ಸಿದ್ಧ ಮಾಡಿ ಇಟ್ಟಿದ್ದೆ, ಈಗ ಅದನ್ನು ಯಾರ ತಲೆಗೆ ಕಟ್ಟಲಿ ಅಂತ. ನಡುನಡುವೆ ಜಪಮಾಲೆ. ಅವರು ಕೊಟ್ಟ ಕಾಫಿ ಚೆನ್ನಾಗಿತ್ತು.

ಆಮೇಲೆ ಅವನ ಹೆಂಡತಿ ಬಂದಳು, ಕುತ್ತಿಗೆಯಲ್ಲಿ ಮುತ್ತಿನ ಸರ. "ತಾಯಿ, ನಿಮಗೆ ನಮ್ಮ ಯಜಮಾನರ ಪರಿಚಯ ಹೇಗೆ?"

ಮುಖವಾಡದವನ ಗುಟ್ಟು ಸತ್ತ ಮೇಲೂ ಗುಟ್ಟೇ. ನಾನು ಹೆಸರು ಎತ್ತಲಿಲ್ಲ. ಜಾಣತನದಿಂದ ಹೇಳಿದೆ: "ಭಾನುವಾರ ಭಾನುವಾರ ನೋಡ್ತಿದ್ದೆ ಕಣಮ್ಮಾ. ಸಾಯಂಕಾಲ ಐದಕ್ಕೆ. ಮೂವತ್ತೊಂದು ವರ್ಷ ಒಂದು ವಾರ ತಪ್ಪಿಸಿಲ್ಲ."

"ಐದಕ್ಕಾ? ಐದಕ್ಕೆ ಅವರು ಲೆಕ್ಕ ಪತ್ರ ನೋಡೋಕೆ ಆಫೀಸಿಗೆ ಹೋಗ್ತಿದ್ರು."

"ಹಂಗಂತ ಹೇಳಿದ್ರಾ? ನೀವು ಬೇಜಾರು ಮಾಡ್ಕೋಬೇಡಿ. ನಾವಿಬ್ಬರೇ ಅಲ್ಲ, ಇನ್ನೂರು ಮುನ್ನೂರು ಜನ ಇರ್ತಿದ್ರು. ಮೈಮೇಲೆ ಚಡ್ಡಿ ಒಂದೇ, ಬೆವರು ಹರಿಯೋದು. ಈ ವಯಸ್ಸಲ್ಲೂ ಎಂಥಾ ಶಕ್ತಿ ಅಂತೀರಿ!"

ಆಕೆ ಕಾಫಿ ಲೋಟ ಕೈಬಿಟ್ಟು ಕುರ್ಚಿಗೆ ಒರಗಿದಳು. ಹೆಣ್ಣುಮಕ್ಕಳು ನೀರು ಚಿಮುಕಿಸಿದರು. ದುಃಖ ಎಷ್ಟಿರಬೇಕು ಪಾಪ. ನಾನು ಜನರ ನಡುವೆ ನುಸುಳಿ ಬಂದುಬಿಟ್ಟೆ.

ಅಕ್ಟೋಬರ್ 10, ಶುಕ್ರವಾರ

ಮಾರ್ಕೆಟ್ಟಿಗೆ ಹೋಗುವಾಗ ಶೂ ಅಂಗಡಿ ಮುಂದೆ ಹೋದೆ. ಬಾಗಿಲಿಗೆ ಕಪ್ಪು ರಿಬ್ಬನ್ ಕಟ್ಟಿದ್ದಾರೆ. ಅದು ಮಾರ್ಕೆಟ್ಟಿನ ದಾರಿಯಲ್ಲ ಅಂತ ನೊಹೆಮಿ ಹೇಳಿದಳು. ಅವಳಿಗೆ ದಾರಿ ಬಹಳ ಗೊತ್ತು!

ಅಕ್ಟೋಬರ್ 13, ಸೋಮವಾರ

ನಿನ್ನೆ ಹೋಗಿದ್ದೆ. ಸೆನೀಸಾನ ಜಾಗಕ್ಕೆ ಒಬ್ಬ ಹೊಸ ಕೆಟ್ಟವನನ್ನು ತಂದಿದ್ದಾರೆ. ಮೈಗೆಲ್ಲ ಹಚ್ಚೆ. ಕುರ್ಚಿ ಎತ್ತಿ ಒಳ್ಳೆಯವನ ಬೆನ್ನಿಗೆ ಹೊಡೆದ. ಎರಡು ಸಲ ಎದ್ದು ನಿಂತೆ, ಎರಡು ಸಲ ಕೂತೆ. ಮೇಲಿನ ಸಾಲಿನವರು "ಏನಜ್ಜಿ, ಬ್ಯಾಟರಿ ಮುಗೀತಾ?" ಅಂದರು. ಗಂಟಲು ಕಟ್ಟಿದೆ. ಹವಾ ಬದಲಾಗಿದೆ.

ಇವತ್ತು ಬೆಳಿಗ್ಗೆ ಹೇಳೋದಕ್ಕೂ ಏನಿರಲಿಲ್ಲ, ಕೇಳೋದಕ್ಕೂ ಯಾರಿರಲಿಲ್ಲ. ಸಮ ಆಯಿತು.

ಅಕ್ಟೋಬರ್ 15, ಬುಧವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ ತಿಳಿಯದು. ನಡೆದ ಹಾಗೆ ಬರೆಯುತ್ತೇನೆ.

ಶೂ ಅಂಗಡಿಯ ಒಬ್ದುಲಿಯಾ ಬಂದಳು, ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಅಡುಗೆಮನೆಯಲ್ಲೇ ಕೂರಿಸಿದೆ. ಜೋಳದ ಗಂಜಿ ಕೊಟ್ಟೆ. ಒಂದು ಗುಟುಕು ಕುಡಿದು ಅಂದಳು:

"ಆವತ್ತು ಪಕ್ಕದ ಕೋಣೆಯಿಂದ ನಿಮ್ಮ ದನಿ ಕೇಳಿಸ್ತು ದೊನ್ಯಾ. ನಮ್ಮವರ ಪೆಟ್ಟಿಗೆ ಹತ್ತಿರ ಒಂದು ನಿಮಿಷ ನಿಂತ್ರಿ, ಆ ನೋಟರಿ ಹತ್ತಿರ ಎರಡು ಗಂಟೆ ಕೂತ್ರಿ."

"ಯಾವ ನೋಟರಿ?"

ಆಕೆ ಬುಟ್ಟಿಯ ಬಟ್ಟೆ ಸರಿಸಿದಳು. ಒಳಗೆ ಬೂದು ಮುಖವಾಡ, ಎಡಗಣ್ಣಿನ ಹತ್ತಿರ ಹೊಲಿಗೆ ಹಾಕಿದ್ದು. ಆ ಹೊಲಿಗೆ ನನಗೆ ಗೊತ್ತು. ಅದೇ ಹೊಲಿಗೆ ನನ್ನ ಎರಡೂ ಜೋಡಿ ಶೂಗಳ ಮೇಲಿದೆ.

ಒಲೆಯ ಮೇಲೆ ಗಂಜಿ ಉಕ್ಕಿತು. ಇಬ್ಬರೂ ಏಳಲಿಲ್ಲ.

ಮೂವತ್ತೊಂದು ವರ್ಷ! ಭಾನುವಾರ ಅವನನ್ನು ಬೈದು, ಸೋಮವಾರ ಅವರ ಅಂಗಡಿಗೇ ಹೋಗಿ, ಅವರ ಸ್ಟೂಲಿನ ಮೇಲೇ ಕೂತು, ಅವರನ್ನು ಹೇಗೆ ಬೈದೆ ಅಂತ ಅವರಿಗೇ ಹೇಳಿದ್ದೇನೆ. ಅವರು ಹಿಮ್ಮಡಿ ಬಡಿಯುತ್ತ ಕೇಳಿದ್ದಾರೆ. "ಜನ ಎಷ್ಟು ಕೂಗಿದ್ರು ದೊನ್ಯಾ? ಗೋಡೆ ಅಲುಗಾಡ್ತಾ?" ಅಂತ ಬೇರೆ ಪ್ರತಿವಾರ ಕೇಳುತ್ತಿದ್ದರು. ಪರವಾಗಿಲ್ಲ ಅಂದರೆ ಆ ದಿನವೆಲ್ಲ ಸಪ್ಪೆ. ಅಲುಗಾಡಿತು ಅಂದರೆ ಪಾಲಿಶ್ ಪುಕ್ಕಟೆ. ಎಂಥಾ ಕಳ್ಳ!

"ರಾತ್ರಿ ಊಟಕ್ಕೆ ಕೂತು ನಿಮ್ಮ ಬೈಗಳ ಎಲ್ಲಾ ನನಗೆ ಹೇಳೋರು, ನಿಮ್ಮದೇ ದನಿಯಲ್ಲಿ. ನಾನು ಅಖಾಡಕ್ಕೆ ಒಂದಿನಾನೂ ಹೋಗಿಲ್ಲ, ಹೆಂಡತಿ ಬಂದ್ರೆ ಕಾಲು ಮುರಿಯುತ್ತೆ ಅಂತ ಅವರ ನಂಬಿಕೆ. ಆದ್ರೆ ನಿಮ್ಮನ್ನ ಮೊದಲಿಂದ ಬಲ್ಲೆ. ನಗ್ತಾ ಅನ್ನ ನೆತ್ತಿಗೇರಿಸ್ಕೊಳ್ಳೋರು." ಆಕೆ ಗಂಜಿ ಲೋಟ ತಿರುಗಿಸಿದಳು. "ಒಂದು ಸಲ ಮಾತ್ರ ಊಟ ಮಾಡ್ಲಿಲ್ಲ."

"ಯಾವಾಗ?"

"ನಮ್ಮ ಹುಡುಗ ಹೋಗಿ ಎಂಟು ದಿನ ಆಗಿತ್ತು. ಆರು ವರ್ಷ ಅವನಿಗೆ. ಉವಾಮಾಂತ್ಲಾದಲ್ಲಿ ನಮ್ಮಮ್ಮನ ಮನೇಲಿ ಜ್ವರ ಬಂದು ಹೋದ, ಅಲ್ಲೇ ಮಣ್ಣು ಮಾಡಿದ್ವಿ, ಈ ಊರಲ್ಲಿ ಯಾರಿಗೂ ಗೊತ್ತಿಲ್ಲ. ಆ ಭಾನುವಾರ ನೀವು, ಇಂಥ ಮುಖ ನೋಡಿದ್ರೆ ಹೆತ್ತ ಮಗು ಕೂಡ ಮನೆ ಬಿಟ್ಟು ಹೋಗುತ್ತೆ ಅಂತ ಕೂಗಿದ್ರಿ."

ಕೂಗಿದ್ದೆ. ನೆನಪಿದೆ. ಬೆಂಚು ಬಡಿದಿದ್ದರು.

"ಜಗಳಕ್ಕೆ ಬಂದಿಲ್ಲ ದೊನ್ಯಾ. ಆಕೆಗೆ ಗೊತ್ತಿಲ್ಲ ಕಣೇ ಅಂತ ಅವರೇ ನನ್ನ ಸಮಾಧಾನ ಮಾಡಿದ್ರು. ಆದ್ರೆ ಇಪ್ಪತ್ತಾರಕ್ಕೆ ಅಖಾಡದಲ್ಲಿ ಅವರ ನೆನಪಿಗೆ ಏನೋ ಮಾಡ್ತಾರಂತೆ, ಒಂದು ನಿಮಿಷ ಚಪ್ಪಾಳೆಯಂತೆ. ಮಗಳ ಮಕ್ಕಳನ್ನ ಕರ್ಕೊಂಡು ಬರ್ತೀನಿ. ಅವತ್ತೊಂದು ದಿನ ಬೈಬೇಡಿ. ಒಂದೇ ಒಂದು ದಿನ ಅವರ ಬಗ್ಗೆ ಒಳ್ಳೇ ಮಾತು ನನ್ನ ಕಿವಿಗೆ ಬೀಳಲಿ."

ಮಾತು ಕೊಟ್ಟೆ. ಕೊಡದೆ ಏನು ಮಾಡಲಿ.

ಅಕ್ಟೋಬರ್ 16, ಗುರುವಾರ

ಇವತ್ತು ಏನೂ ಬರೆಯುವುದಿಲ್ಲ.

ಅಕ್ಟೋಬರ್ 17, ಶುಕ್ರವಾರ

ಆ ಬೈಗಳದ ಮರುದಿನವೂ ನಾನು ಅಂಗಡಿಗೆ ಹೋಗಿದ್ದೆ. ಹೆಮ್ಮೆಯಿಂದ ಹೇಳಿದ್ದೆ. ಕೈಯಾಡಿಸಿ, ದನಿ ಏರಿಸಿ, ಜನ ಹೇಗೆ ನಕ್ಕರು ಅಂತಲೂ ಮಾಡಿ ತೋರಿಸಿದ್ದೆ. ಅವರು ತುಂಬಾ ಹೊತ್ತು ಶೂ ಮೇಲೆ ಬಗ್ಗಿಕೊಂಡೇ ಇದ್ದರು. ಆಮೇಲೆ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಅಂದರು: "ಚೆನ್ನಾಗಿದೆ ದೊನ್ಯಾ. ಆದ್ರೆ ಇದನ್ನ ಇನ್ನೊಂದ್ಸಲ ಕೂಗ್ಬೇಡಿ. ಒಂದೇ ಬೈಗಳ ಎರಡು ಸಲ ಕೂಗಿದ್ರೆ ರುಚಿ ಕೆಡುತ್ತೆ."

ಬೈಯುವ ವಿದ್ಯೆಯ ಪಾಠ ಹೇಳಿಕೊಟ್ಟರು ಅಂತ ಖುಷಿಯಾಗಿ ಮನೆಗೆ ಬಂದಿದ್ದೆ. ಅಂದಿನಿಂದ ಯಾವುದನ್ನೂ ಎರಡು ಸಲ ಕೂಗಿಲ್ಲ, ಊರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ್ದೇನೆ.

ಈರುಳ್ಳಿ ಹೆಚ್ಚಿದೆ ಇವತ್ತು. ಮೂರು ಕಿಲೋ. ಅಷ್ಟು ಯಾಕೆ ಅಂತ ನೊಹೆಮಿ ಕೇಳಿದಳು. ಬೇಕಿತ್ತು.

ಅಕ್ಟೋಬರ್ 19, ಭಾನುವಾರ

ಅಖಾಡಕ್ಕೆ ಹೋಗಲಿಲ್ಲ. ಜೋಳದ ಸಿಪ್ಪೆಯಲ್ಲಿ ಸುತ್ತಿದ ಜೋಳದ ಹಿಟ್ಟಿನ ಕಡುಬು, ಅದೇ ತಮಾಲೆ, ಒಂದು ಹಂಡೆ ಬೇಯಿಸಿ, ಒಂದು ಡಜನ್ ಸಿಪ್ಪೆ ಸಮೇತ ಬಿಸಿಬಿಸಿ ಕಟ್ಟಿಕೊಂಡು ನೋಟರಿಯ ಮನೆಗೆ ಹೋದೆ. ಮುತ್ತಿನ ಸರದಾಕೆ ಬಾಗಿಲನ್ನು ಅರ್ಧ ತೆರೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಪ್ಪತ್ತನಾಲ್ಕು ವರ್ಷದ ನನ್ನನ್ನು! ಗಂಡನ ರುಚಿಯ ಬಗ್ಗೆ ಆಕೆಗೆ ಆದ ನಿರಾಶೆ ಮುಖದಲ್ಲೇ ಕಾಣಿಸುತ್ತಿತ್ತು.

"ತಪ್ಪು ಹೆಣ ಕಣಮ್ಮಾ," ಅಂದೆ. "ನಿಮ್ಮವರನ್ನ ನಾನು ಕಂಡೇ ಇಲ್ಲ. ನಾನು ಬೈಯೋಕೆ ಬಂದಿದ್ದು ಪಕ್ಕದ ಕೋಣೆಯವರನ್ನ."

ಹೆಸರು ಹೇಳದೆ ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ. ಕೊನೆಗೆ ಆಕೆ ನಗೋದಕ್ಕೆ ಶುರು ಮಾಡಿ, ನಿಲ್ಲಿಸಲಾರದೆ ಹೊಸ್ತಿಲ ಮೇಲೇ ಕೂತಳು. "ಎರಡು ವಾರದಿಂದ ಅವರ ಪಟ ಗೋಡೆ ಕಡೆ ತಿರುಗಿಸಿಟ್ಟಿದೀನಿ ತಾಯಿ!" ಅಂದಳು. ಒಳಗೆ ಹೋಗಿ ನಾವಿಬ್ಬರೂ ಸೇರಿ ತಿರುಗಿಸಿದೆವು. ಆಲೂಗೆಡ್ಡೆಯೇ, ಆದರೆ ಒಳ್ಳೆಯ ಆಲೂಗೆಡ್ಡೆ.

ಸತ್ತ ಒಬ್ಬನಿಗೆ ಆದ ಅನ್ಯಾಯ ಸರಿಯಾಯಿತು. ಇನ್ನೊಬ್ಬನದು ತಮಾಲೆಯಿಂದ ಸರಿಯಾಗುವುದಲ್ಲ.

ಅಕ್ಟೋಬರ್ 23, ಗುರುವಾರ

ತಾಚೊ ಬಂದು ಇಪ್ಪತ್ತಾರರ ಕಾರ್ಯಕ್ರಮ ಹೇಳಿದ. ಹತ್ತು ಸಲ ಗಂಟೆ, ಒಂದು ನಿಮಿಷ ಚಪ್ಪಾಳೆ, ಬಿಳಿ ಹೂವು. ಬಿಳಿ ಹೂವಂತೆ! ಬದುಕಿನಲ್ಲಿ ಒಂದು ದಿನ ನೆಟ್ಟಗೆ ಆಡದವನಿಗೆ! ಕೆಟ್ಟವರ ಪಕ್ಷದವನಿಗೆ ಚಪ್ಪಾಳೆ ತಟ್ಟೋದು, ಅಡುಗೆಯವಳಿಗೆ ನಿಮ್ಮನೆ ಉಪವಾಸ ಬಹಳ ಚೆನ್ನಾಗಿತ್ತು ಅಂದ ಹಾಗೆ. ಗೋಡೆ ಅಲುಗಾಡಿತಾ ಅಂತ ಕೇಳುತ್ತಿದ್ದವನು ಅವನು. ಅವನನ್ನು ಯಾವನೋ ಸಭ್ಯನನ್ನಾಗಿ ಮಾಡಿ ಕಳಿಸಿಬಿಡುತ್ತಾರೆ. ಬರುವ ವರ್ಷಕ್ಕೆ ಆ ಸಭ್ಯ ಯಾರು ಅಂತ ಯಾರಿಗೂ ನೆನಪಿರುವುದಿಲ್ಲ.

ಇದನ್ನೆಲ್ಲ ತಾಚೊಗೆ ಹೇಳಲಿಲ್ಲ. ಮಾತು ಕೊಟ್ಟಿದ್ದೇನೆ. ಅಲ್ಲದೆ ಬೈಯುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.

ಅಕ್ಟೋಬರ್ 27, ಸೋಮವಾರ

ನಿನ್ನೆ ಏನಾಯಿತು ಕೇಳಿ ದೊನ್ ಫಿಲೆಮೋನ್. ಬಾಯಲ್ಲಿ ಮೊಳೆ ಇಟ್ಟುಕೊಂಡು ಸುಮ್ಮನೆ ಕೇಳಿ.

ಅಖಾಡ ಭರ್ತಿ. ನಿಮ್ಮ ಹೆಂಡತಿ ನನ್ನ ಪಕ್ಕ, ಆಕೆಯ ಆ ಪಕ್ಕ ನಿಮ್ಮ ಮೊಮ್ಮಕ್ಕಳು, ಕೊನೆಗೆ ನೊಹೆಮಿ. ಯಾರಾದರೂ ಕೇಳಿದರೆ ನನ್ನ ನೆಂಟರು ಅಂತ ಹೇಳಿಕೊಟ್ಟಿದ್ದೆ. ಅಖಾಡದ ನಡುವೆ ಒಂದು ಕುರ್ಚಿ, ಅದರ ಮೇಲೆ ನಿಮ್ಮ ಮುಖವಾಡ. ಗಂಟೆ ಹತ್ತು ಸಲ ಹೊಡೆದರು. ಮೈಕಿನವನು ದನಿ ಒದ್ದೆ ಮಾಡಿಕೊಂಡು "ಸಭ್ಯ ಆಟಗಾರ, ಎಲ್ಲರ ಪ್ರೀತಿಪಾತ್ರ" ಅಂದ. ಮೇಲಿನ ಸಾಲಿನಲ್ಲಿ ಒಬ್ಬ ಕೆಮ್ಮಿದ. ಆಮೇಲೆ ಚಪ್ಪಾಳೆ. ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ಮಕ್ಕಳು ತಟ್ಟುತ್ತಾರಲ್ಲ, ಅಂಥದ್ದು. ನಿಮಿಷ ಮುಗಿಯುವ ಮುಂಚೆಯೇ ಕೈಗಳು ಸುಸ್ತಾದವು.

ಒಬ್ದುಲಿಯಾ ನನ್ನ ಮೊಣಕೈ ಹಿಡಿದಳು. "ಇಷ್ಟೇನಾ?"

"ಇಷ್ಟೇ."

"ಗೋಡೆ ಅಲುಗಾಡ್ತಿತ್ತು ಅನ್ನೋರು."

"ಅಲುಗಾಡ್ತಿತ್ತು ಕಣಮ್ಮಾ. ಚಪ್ಪಾಳೆಗಲ್ಲ."

ಕುರ್ಚಿಯ ಮೇಲಿನ ಮುಖವಾಡವನ್ನು ನೋಡಿದಳು. ಆಮೇಲೆ "ಬೈಯಿರಿ" ಅಂದಳು.

"ಮಾತು ಕೊಟ್ಟಿದೀನಿ."

"ವಾಪಸ್ ಕೊಟ್ಟೆ, ತಗೊಳ್ಳಿ. ಇದು ಅವರಲ್ಲ. ಇದು ಯಾರೋ ನೋಟರಿ. ಬೈಯಿರಿ ದೊನ್ಯಾ!"

ಎದ್ದು ನಿಂತೆ. ಬಾಯಿ ತೆರೆದೆ. ಉಸಿರು ಬಂತು, ಮಾತು ಬರಲಿಲ್ಲ. ಆ ಹವಾ ಇನ್ನೂ ಸರಿಯಾಗಿಲ್ಲ ನೋಡಿ. ಆಗ ನಿಮ್ಮ ಹೆಂಡತಿ, ನನ್ನ ಭುಜದೆತ್ತರವೂ ಇಲ್ಲದ ಹೆಂಗಸು, ಬೆಂಚಿನ ಮೇಲೆ ಹತ್ತಿ ನಿಂತು "ಏ ಕೆಟ್ಟವನೇ" ಅಂದಳು.

"ಏನದು? ಪಾದ್ರಿ ಮುಂದೆ ಪಾಪ ಹೇಳ್ಕೊಂಡ ಹಾಗೆ! ಹೊಟ್ಟೆಯಿಂದ ಬರಲಿ," ಅಂತ ಗದರಿದೆ.

ಆಕೆ ಕಣ್ಣು ಮುಚ್ಚಿದಳು, ಶಾಲು ಬಿಗಿದಳು, "ಏ ಕಳ್ಳ ಬೂದಿ! ಚಪ್ಪಾಳೆ ತಟ್ಟಿಸ್ಕೊಳ್ಳೋಕೆ ನಾಚಿಕೆ ಆಗಲ್ವೇನೋ ನಿಂಗೆ!"

ನನ್ನಾಣೆ, ಇಂಥದ್ದು ನನಗೂ ಹೊಳೆದಿರಲಿಲ್ಲ. ಆಮೇಲೆ ಮೇಲಿನ ಸಾಲಿನಿಂದ ಒಂದು ಸಿಳ್ಳೆ, ಆ ಕಡೆಯಿಂದ "ಮೋಸಗಾರ!", ಈ ಕಡೆಯಿಂದ "ಎದ್ದು ಬಾರೋ ಹೇಡಿ!", ಬೆಂಚು, ಕಾಲು, ಡಬ್ಬಿ, ಎಲ್ಲ ಒಟ್ಟಿಗೆ. ನಿಮ್ಮಿಂದ ಒದೆ ತಿಂದ ಆ ಎಣ್ಣೆತಲೆಯವನು ಅಖಾಡದ ಸುತ್ತ ಕಟ್ಟಿದ ಹಗ್ಗದ ಮೇಲೆ ನಿಂತು ಅಳುತ್ತ ಬೈದ. ನಿಮ್ಮ ಚಿಕ್ಕ ಮೊಮ್ಮಗಳು "ಚಡ್ಡಿಯಲ್ಲಿ ಬೂದಿ!" ಅಂತ ಕುಣಿದಳು. ಅವಳಿಗೆ ದನಿ ಇದೆ, ಪಳಗಿಸಬಹುದು. ನನ್ನ ಗಂಟಲೂ ಬಿಟ್ಟಿತು. ಏನೇನು ಕೂಗಿದೆ ಅಂತ ನೆನಪಿಲ್ಲ, ಎರಡು ಸಲ ಕೂಗಿದ್ದೂ ಇರಬಹುದು. ಛಾವಣಿಯಿಂದ ಮಣ್ಣು ಉದುರಿತು. ಗೋಡೆ ಅಲುಗಾಡಿತು ದೊನ್ ಫಿಲೆಮೋನ್. ಪಾಲಿಶ್ ಬಾಕಿ ಬರೆದುಕೊಳ್ಳಿ.

ಆ ಗದ್ದಲದ ನಡುವೆ ನಾನೊಂದು ಮಾತು ಹೇಳಿದೆ. ಕೂಗಲಿಲ್ಲ, ಮೆಲ್ಲಗೆ ಹೇಳಿದೆ, ಕುರ್ಚಿಯ ಕಡೆ ನೋಡಿಕೊಂಡು. ಆ ಮಗುವಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ ಅಂತ. ಪಕ್ಕದಲ್ಲಿದ್ದ ಒಬ್ದುಲಿಯಾಗೂ ಕೇಳಿಸಲಿಲ್ಲ, ಆಕೆ ರೆಫ್ರಿಯನ್ನು ಬೈಯುವುದರಲ್ಲಿದ್ದಳು. ಅದೊಂದೇ ಮಾತು. ಮಿಕ್ಕದ್ದರಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ, ಚಡ್ಡಿಯದಂತೂ ಇಲ್ಲವೇ ಇಲ್ಲ.

ಅಷ್ಟು ಸದ್ದಿನಲ್ಲಿ ನಿನಗೆ ಕೇಳಿಸಿತೋ ಇಲ್ಲವೋ, ಅದು ನನಗೆ ತಿಳಿಯಬೇಕು. ಶೂ ಹೊಲಿದವರನ್ನು ನೀವು ಅಂದೆ, ಬೂದಿ ಎರಚಿದವನನ್ನು ನೀನು ಅನ್ನುತ್ತಿದ್ದೇನೆ, ಯಾಕಂದರೆ ಇದು ಅವನಿಗೆ ಹೇಳಬೇಕಾದ ಮಾತು. ಕನಸಿನಲ್ಲಿ ಬಾ, ಪಾತ್ರೆ ಬೀಳಿಸು, ಒಂದು ಬೆರಳು ಆಡಿಸು, ಹೇಗಾದರೂ ಮಾಡು. ಶನಿವಾರಕ್ಕೆ ನವೆಂಬರ್ ಹುಟ್ಟುತ್ತದೆ, ಸತ್ತವರ ಹಬ್ಬ. ಊರಿನ ಸತ್ತವರೆಲ್ಲ ಒಟ್ಟಿಗೆ ಬಂದು ಚೆಂಡುಹೂವಿನ ಮುಂದೆ ಸಾಲು ನಿಲ್ಲುತ್ತಾರೆ, ಆಗ ನಿನ್ನೊಬ್ಬನನ್ನೇ ವಿಚಾರಿಸುತ್ತ ಕೂರಲು ನನಗೆ ಪುರಸೊತ್ತಿಲ್ಲ. ಅದಕ್ಕೆ ಮುಂಚೆ, ಈ ತಿಂಗಳು ಮುಗಿಯುವುದರೊಳಗೆ, ಉತ್ತರ ಕೊಡು.